ಕಲಿಕೆಯ ನ್ಯೂನತೆ ಮತ್ತು ಅದರ ನೆರೆಯ ಸ್ಥಿತಿಗಳು: ಒಂದು ಎಲ್ಲೆಯ ಇತಿಹಾಸ

1

ರಾಜ್ಯಗಳ ಎಲ್ಲೆಗಳಿಗೆ ಇತಿಹಾಸವಿರುವಂತೆ ಪರಿಕಲ್ಪನೆಗಳ ಎಲ್ಲೆಗಳಿಗೂ ಇತಿಹಾಸವುಂಟು. ಅವನ್ನು ಯಾರು ಎಳೆದರು, ಯಾವ ಪ್ರಯೋಜನಕ್ಕಾಗಿ ಎಳೆದರು, ಎಲ್ಲೆಯ ಒಳಗೆ ಉಳಿದವರಾರು, ಹೊರಗೆ ಉಳಿದವರಾರು ಎಂದು ವಿಚಾರಿಸುವುದು ಇತಿಹಾಸಕಾರನ ಕೆಲಸವೇ ಆಗಿದೆ. ಅಂಥ ಒಂದು ಎಲ್ಲೆಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ. ಓದು, ಬರಹ, ಲೆಕ್ಕ ಇವುಗಳನ್ನು ಕಲಿಯುವುದರಲ್ಲಿ ಕೆಲವು ಮಕ್ಕಳಿಗೆ ಒದಗುವ ವಿಶಿಷ್ಟ ತೊಡಕನ್ನು ಇಂದು ‘ಕಲಿಕೆಯ ನ್ಯೂನತೆ’ ಎಂದು ಕರೆಯುತ್ತಾರೆ. ಓದಿನ ತೊಡಕಿಗೆ ಡಿಸ್ಲೆಕ್ಸಿಯಾ, ಬರಹದ ತೊಡಕಿಗೆ ಡಿಸ್‌ಗ್ರಾಫಿಯಾ, ಲೆಕ್ಕದ ತೊಡಕಿಗೆ ಡಿಸ್‌ಕ್ಯಾಲ್ಕುಲಿಯಾ ಎಂಬ ಹೆಸರುಗಳು ರೂಢಿಯಲ್ಲಿವೆ.

ಈ ಸ್ಥಿತಿಯ ಲಕ್ಷಣವನ್ನು ಹೇಳುವ ಯಾವ ಗ್ರಂಥವನ್ನು ತೆರೆದರೂ ಒಂದು ಸಂಗತಿ ಎದ್ದು ಕಾಣುತ್ತದೆ. ಅದು ಏನು ಎಂಬುದಕ್ಕಿಂತ ಏನು ಅಲ್ಲ ಎಂಬುದೇ ಅಲ್ಲಿ ಹೆಚ್ಚು ವಿಸ್ತಾರವಾಗಿರುತ್ತದೆ. ಅದು ಕುರುಡಲ್ಲ, ಕಿವುಡಲ್ಲ; ಬುದ್ಧಿಯ ಸಾಮಾನ್ಯ ಕೊರತೆಯಲ್ಲ; ಮನಸ್ಸಿನ ಕ್ಷೋಭೆಯಲ್ಲ; ಬಡತನದ ಅಥವಾ ಕಲಿಸದಿರುವುದರ ಫಲವೂ ಅಲ್ಲ. ಹೀಗೆ ನಿಷೇಧಗಳಿಂದಲೇ ಕಟ್ಟಿದ ಲಕ್ಷಣವು ಹೇಗೆ ಹುಟ್ಟಿತು? ಪ್ರತಿಯೊಂದು ‘ಅಲ್ಲ’ವೂ ಒಂದೊಂದು ಕಾಲದಲ್ಲಿ, ಒಂದೊಂದು ಸಂಸ್ಥೆಯ ಅಗತ್ಯಕ್ಕಾಗಿ ಸೇರಿಕೊಂಡಿತೆಂದೂ, ನೆರೆಯ ಸ್ಥಿತಿಗಳೊಡನೆ ಅದಕ್ಕಿದ್ದ ಸಂಬಂಧವನ್ನು ಒಳ್ಳೆಯ ವೀಕ್ಷಕರು ಮೊದಲಿನಿಂದಲೂ ಕಂಡಿದ್ದರೂ ಆಡಳಿತದ ಅನುಕೂಲಕ್ಕಾಗಿ ಅದನ್ನು ಬದಿಗಿಡಲಾಯಿತೆಂದೂ ನಾವು ಭಾವಿಸುತ್ತೇವೆ. ಹಳೆಯ ದಾಖಲೆಗಳ ‘ಮಂದಬುದ್ಧಿ’ ಮೊದಲಾದ ಮಾತುಗಳನ್ನು ಆಯಾ ಕಾಲದ ಮಾತುಗಳಾಗಿ ಮಾತ್ರ ಇಲ್ಲಿ ಬಳಸಿದ್ದೇವೆ. ಇಂದು ‘ಬೌದ್ಧಿಕ ನ್ಯೂನತೆ’ ಎಂಬುದೇ ಯೋಗ್ಯವಾದ ಪದ.

2

ಈ ಚರಿತ್ರೆಯು ಶಾಲೆಯಲ್ಲಿ ಆರಂಭವಾಗದೆ ಆಸ್ಪತ್ರೆಯಲ್ಲಿ ಆರಂಭವಾಯಿತು. ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮೌಲ್ 1877ರಲ್ಲಿ ‘ಪದಾಂಧತೆ’ ಎಂಬ ಶಬ್ದವನ್ನು ಬಳಕೆಗೆ ತಂದನು. ಮಿದುಳಿಗೆ ಪೆಟ್ಟಾದ ಕೆಲವು ವಯಸ್ಕರು ಕಣ್ಣು ಚೆನ್ನಾಗಿದ್ದು ಮಾತೂ ಸರಿಯಾಗಿದ್ದು, ತಾವು ಹಿಂದೆ ಓದುತ್ತಿದ್ದ ಅಕ್ಷರಗಳನ್ನು ಮಾತ್ರ ಗುರುತಿಸಲಾರದೆ ಹೋಗುತ್ತಿದ್ದರು. ಸ್ಟಟ್‌ಗಾರ್ಟಿನ ನೇತ್ರವೈದ್ಯ ರುಡಾಲ್ಫ್ ಬರ್ಲಿನ್ 1887ರ ತನ್ನ ಕಿರುಗ್ರಂಥದಲ್ಲಿ ಇಂಥದೇ ರೋಗಿಗಳನ್ನು ವರ್ಣಿಸಿ ‘ಡಿಸ್ಲೆಕ್ಸಿಯಾ’ ಎಂಬ ಹೆಸರನ್ನು ಕೊಟ್ಟನು. ಇಲ್ಲಿಯವರೆಗೆ ಇದು ಇದ್ದುದನ್ನು ಕಳೆದುಕೊಂಡವರ ಕಥೆ. ಎಂದೂ ಪಡೆಯದಿದ್ದವರ ಕಥೆ ಇನ್ನೂ ಆರಂಭವಾಗಿರಲಿಲ್ಲ.

ಅದನ್ನು ಆರಂಭಿಸಿದವನು ಇಂಗ್ಲೆಂಡಿನ ಸೀಫರ್ಡ್ ಎಂಬ ಕಡಲತೀರದ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್. 1896ರ ನವೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಅವನು ಹದಿನಾಲ್ಕು ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ಪ್ರಕಟಿಸಿದನು. ಬಾಲಕನು ಚುರುಕಾದವನು, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ. ಏಳನೆಯ ವಯಸ್ಸಿನಿಂದಲೂ ಪಾಠ ಹೇಳಿಸಿಕೊಂಡಿದ್ದನು. ಆದರೂ ಚಿಕ್ಕ ಚಿಕ್ಕ ಪದಗಳನ್ನು ಓದಲಾರನು. ತನ್ನ ಹೆಸರನ್ನು ಬರೆಯುವಾಗಲೂ ಅಕ್ಷರಗಳನ್ನು ಹಿಂದುಮುಂದು ಮಾಡುತ್ತಿದ್ದನು. ಅಂಕಿಗಳನ್ನಾದರೋ ಸಲೀಸಾಗಿ ಓದಿ ಗುಣಾಕಾರ ಮಾಡುತ್ತಿದ್ದನು. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವುದಾಗಿದ್ದರೆ ಇಡೀ ಶಾಲೆಗೆ ಇವನೇ ಜಾಣನಾಗುತ್ತಿದ್ದನೆಂದು ಅವನ ಉಪಾಧ್ಯಾಯರು ಅಭಿಪ್ರಾಯಪಟ್ಟಿದ್ದರು.

ಈ ಕಾಲವನ್ನು ಗಮನಿಸಬೇಕು. ಇಂಗ್ಲೆಂಡಿನಲ್ಲಿ 1880ರಲ್ಲಿ ಮಕ್ಕಳು ಶಾಲೆಗೆ ಹೋಗುವುದು ಕಡ್ಡಾಯವಾಗಿದ್ದಿತು. ಎಲ್ಲರೂ ಓದಲೇಬೇಕಾಗಿಲ್ಲದ ಸಮಾಜದಲ್ಲಿ ಓದಲಾರದವನು ಯಾರ ಕಣ್ಣಿಗೂ ಬೀಳುವುದಿಲ್ಲ. ಒಕ್ಕಲುತನ, ಕುಶಲ ಕೆಲಸ, ವ್ಯಾಪಾರ ಇವುಗಳಲ್ಲಿ ಅವನು ಬೆರೆತುಹೋಗುತ್ತಾನೆ. ಕಡ್ಡಾಯ ಶಿಕ್ಷಣವೇ ಈ ತೊಡಕನ್ನು ಸೃಷ್ಟಿಸಿತೆಂದು ಹೇಳಲಾಗದು. ಅದನ್ನು ಕಾಣುವಂತೆ ಮಾಡಿದುದು ಮಾತ್ರ ಕಡ್ಡಾಯ ಶಿಕ್ಷಣವೇ.

ಗ್ಲಾಸ್ಗೋ ನಗರದ ನೇತ್ರವೈದ್ಯ ಜೇಮ್ಸ್ ಹಿನ್‌ಷೆಲ್‌ವುಡ್ ಈ ವಿಷಯದಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕು ಶ್ರಮಿಸಿದನು. ಒಂದೇ ಕುಟುಂಬದ ನಾಲ್ವರು ಸಹೋದರರಲ್ಲಿ ಈ ತೊಡಕನ್ನು ಕಂಡು 1907ರಲ್ಲಿ ವರದಿಮಾಡಿದನು. ಇದು ವಂಶಾನುಗತವಾಗಿರಬಹುದೆಂಬ ವಿಚಾರಕ್ಕೆ ಹೀಗೆ ಬಲ ಬಂದಿತು. 1917ರ ಗ್ರಂಥದಲ್ಲಿ ಅವನು ಮೂರು ವರ್ಗಗಳನ್ನು ಮಾಡಿದನು. ತೊಡಕು ಲಘುವಾಗಿದ್ದರೆ ಒಂದು ಹೆಸರು. ತೀವ್ರವಾಗಿದ್ದು ಉಳಿದ ಶಕ್ತಿಗಳೆಲ್ಲ ಸರಿಯಾಗಿದ್ದರೆ ‘ಪದಾಂಧತೆ’. ಬುದ್ಧಿಯ ಸಾಮಾನ್ಯ ಕೊರತೆಯ ಒಂದು ಅಂಗವಾಗಿ ಓದು ಬಾರದಿದ್ದರೆ ಮತ್ತೊಂದು ಹೆಸರು. ‘ಶುದ್ಧ’ ಪ್ರಕರಣಗಳನ್ನು ಉಳಿದವುಗಳಿಂದ ಬೇರ್ಪಡಿಸಬೇಕೆಂಬುದು ಅವನ ಹಟವಾಗಿದ್ದಿತು. ನಮ್ಮ ಎಲ್ಲೆಯ ಮೊದಲ ಕಲ್ಲನ್ನು ನೆಟ್ಟವನು ಇವನೇ ಎನ್ನಬಹುದು.

ಈ ಬೇರ್ಪಡಿಕೆಯ ಹಿಂದೆ ಕರುಣೆಯಿದ್ದಿತೆಂಬುದನ್ನು ಮರೆಯಬಾರದು. ಮಂದಬುದ್ಧಿಯವರೆನಿಸಿದ ಮಕ್ಕಳಿಗಾಗಿ ಪ್ರತ್ಯೇಕ ತರಗತಿಗಳನ್ನು ತೆರೆಯಲು ಇಂಗ್ಲೆಂಡಿನಲ್ಲಿ 1899ರ ಕಾಯಿದೆಯು ಅವಕಾಶವಿತ್ತಿದ್ದಿತು. 1913ರ ಮಾನಸಿಕ ನ್ಯೂನತೆಯ ಕಾಯಿದೆಯು ಅಂಥವರನ್ನು ಸಂಸ್ಥೆಗಳಲ್ಲಿ ಇರಿಸುವ ಅಧಿಕಾರವನ್ನೂ ಕೊಟ್ಟಿತು. ಓದಲಾರದ ಜಾಣ ಹುಡುಗನನ್ನು ಆ ಗುಂಪಿಗೆ ಸೇರಿಸಿಬಿಟ್ಟರೆ ಅವನ ಬಾಳು ಮುಗಿದಂತೆಯೇ. ಆದುದರಿಂದ ‘ಇವನು ಮಂದಬುದ್ಧಿಯಲ್ಲ’ ಎಂದು ವೈದ್ಯನು ಸಾರಿದುದು ರಕ್ಷಣೆಯ ಮಾತಾಗಿದ್ದಿತು. ಆದರೆ ಆ ಮಾತಿಗೆ ಇನ್ನೊಂದು ಮುಖವೂ ಇದ್ದಿತು. ಇವನಿಗೆ ಆಗಬಾರದ ಅನ್ಯಾಯವು ಇನ್ನೊಬ್ಬನಿಗೆ ಆಗಬಹುದೆಂಬ ಸಮ್ಮತಿಯು ಅದರಲ್ಲಿ ಅಡಗಿದ್ದಿತು.

3

ಎಲ್ಲೆಯನ್ನು ಅಂಕಿಗಳಲ್ಲಿ ಎಳೆಯುವ ಸಾಧನವು ಫ್ರಾನ್ಸಿನಿಂದ ಬಂದಿತು. ಅಲ್ಲಿ 1882ರಲ್ಲಿ ಶಿಕ್ಷಣ ಕಡ್ಡಾಯವಾದ ಮೇಲೆ, ಸಾಮಾನ್ಯ ತರಗತಿಯಲ್ಲಿ ಕಲಿಯಲಾರದ ಮಕ್ಕಳನ್ನು ಗುರುತಿಸುವ ಪ್ರಶ್ನೆ ಎದ್ದಿತು. ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ 1905ರಲ್ಲಿ ಬುದ್ಧಿಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿದರು. ಇದು ಅಮೆರಿಕಕ್ಕೆ ಹೋಗಿ 1916ರಲ್ಲಿ ಸ್ಟ್ಯಾನ್‌ಫರ್ಡ್ ಪರಿಷ್ಕರಣವಾಗಿ ಹೊರಬಂದಾಗ ಬುದ್ಧಿ ಸೂಚ್ಯಂಕ, ಅಂದರೆ ಐ.ಕ್ಯೂ., ಶಾಲೆಗಳ ಆಡಳಿತದಲ್ಲಿ ಬೇರೂರಿತು.

ಅಯೋವಾ ಪ್ರಾಂತದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಈ ಅಳತೆಯನ್ನು ಮೊದಲು ಸಂದೇಹಿಸಿದವರಲ್ಲಿ ಒಬ್ಬನು. 1925ರ ಅವನ ಲೇಖನದ ಮುಖ್ಯ ಪಾತ್ರ ಹದಿನಾರು ವರ್ಷದ ಒಬ್ಬ ಹುಡುಗ. ಅವನ ಬುದ್ಧಿ ಸೂಚ್ಯಂಕ 71 ಎಂದು ಬಂದಿದ್ದಿತು. ಅಂದಿನ ಲೆಕ್ಕದಲ್ಲಿ ಅವನು ಮಂದಬುದ್ಧಿಯವರ ಅಂಚಿನಲ್ಲಿದ್ದನು. ಆದರೆ ಎದುರು ಕುಳಿತು ಮಾತನಾಡಿಸಿದ ಆರ್ಟನನಿಗೆ, ಹುಡುಗನು ಆ ಅಂಕಿಗಿಂತ ಎಷ್ಟೋ ಜಾಣನೆಂದೂ ಪರೀಕ್ಷೆಯೇ ಅವನಿಗೆ ಅನ್ಯಾಯ ಮಾಡಿದೆಯೆಂದೂ ಮನವರಿಕೆಯಾಯಿತು. ಓದು ಬಾರದವನ ಪದಸಂಪತ್ತು ಮತ್ತು ಸಾಮಾನ್ಯಜ್ಞಾನ ವರ್ಷದಿಂದ ವರ್ಷಕ್ಕೆ ಹಿಂದೆ ಬೀಳುತ್ತವೆ. ಪರೀಕ್ಷೆಯು ಅಳೆಯುವುದು ಬಹುಮಟ್ಟಿಗೆ ಅವುಗಳನ್ನೇ. ಅಂದರೆ ಯಾವ ತೊಡಕಿನಿಂದ ಮಗುವು ನರಳುತ್ತಿದೆಯೋ ಆ ತೊಡಕೇ ಅದರ ಸೂಚ್ಯಂಕವನ್ನೂ ಕೆಳಗಿಳಿಸಬಲ್ಲದು. ಹಿನ್‌ಷೆಲ್‌ವುಡ್ ನೆಟ್ಟ ಎಲ್ಲೆಗಲ್ಲು ಇಲ್ಲಿಯೇ ಅಲುಗಾಡಿತು.

ಆರ್ಟನನ ಜೊತೆಯಲ್ಲಿ ಕೆಲಸ ಮಾಡಿದ ಮರಿಯನ್ ಮನ್ರೋ 1932ರ ತಮ್ಮ ಗ್ರಂಥದಲ್ಲಿ, ಮಗುವಿನಿಂದ ನಿರೀಕ್ಷಿಸಬಹುದಾದ ಓದನ್ನೂ ಅದು ನಿಜವಾಗಿ ಓದುವ ಮಟ್ಟವನ್ನೂ ಹೋಲಿಸುವ ಒಂದು ಸೂಚಿಯನ್ನು ರೂಪಿಸಿದರು. ನಿರೀಕ್ಷೆಗೂ ಸಾಧನೆಗೂ ನಡುವಣ ಅಂತರವೇ ರೋಗಲಕ್ಷಣವೆಂಬ ವಿಚಾರಕ್ಕೆ ಇದು ಪೂರ್ವರೂಪವಾಯಿತು. ಉಪಾಧ್ಯಾಯರ ಕೈಯಲ್ಲಿ ಉಪಕರಣವಾಗಿದ್ದ ಈ ವಿಚಾರವು ಮುಂದೆ ಕಾನೂನಿನ ಕೈಗೆ ಸೇರಿತು.

4

ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಇತಿಹಾಸವು ಬೇರೊಂದು ಮೂಲದಿಂದ ಹೊರಟು ಇದೇ ಹೊಳೆಯನ್ನು ಕೂಡಿಕೊಂಡಿತು. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರ ಉಪನ್ಯಾಸಗಳಲ್ಲಿ, ಬುದ್ಧಿಗೆ ಕೊರತೆಯಿಲ್ಲದೆಯೂ ತಮ್ಮನ್ನು ತಾವು ಹತೋಟಿಯಲ್ಲಿಟ್ಟುಕೊಳ್ಳಲಾರದ ಮಕ್ಕಳನ್ನು ವರ್ಣಿಸಿ, ಇದನ್ನು ನೈತಿಕ ನಿಯಂತ್ರಣದ ದೋಷವೆಂದು ಕರೆದನು. ಮೊದಲನೆಯ ಮಹಾಯುದ್ಧದ ಕಾಲದಿಂದ ಹಬ್ಬಿದ ಮಿದುಳಿನ ಉರಿಯೂತದ ಸಾಂಕ್ರಾಮಿಕದಲ್ಲಿ ಬದುಕಿ ಉಳಿದ ಹಲವು ಮಕ್ಕಳು ಚಂಚಲರೂ ಉದ್ರೇಕಿಗಳೂ ಆದುದನ್ನು ವೈದ್ಯರು ಕಂಡರು. ನೀತಿಯ ದೋಷವೆನಿಸಿದ್ದುದು ಮಿದುಳಿನ ವಿಷಯವಾಯಿತು. ಅಮೆರಿಕದ ರೋಡ್ ಐಲೆಂಡ್ ಪ್ರಾಂತದಲ್ಲಿ ಚಾರ್ಲ್ಸ್ ಬ್ರಾಡ್ಲಿ 1937ರಲ್ಲಿ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧಿಯನ್ನು ಮೂವತ್ತು ಮಕ್ಕಳಿಗೆ ಕೊಟ್ಟಾಗ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಶಾಲೆಯ ಕೆಲಸದಲ್ಲಿ ಗಮನಾರ್ಹವಾಗಿ ಮುಂದುವರಿದರು. ನಡತೆಯ ಚಿಕಿತ್ಸೆಯಿಂದ ಕಲಿಕೆ ಸುಧಾರಿಸಬಹುದೆಂಬುದು, ಅಂದರೆ ಎರಡು ಸ್ಥಿತಿಗಳು ಹೆಣೆದುಕೊಂಡಿರಬಹುದೆಂಬುದು, ಹೀಗೆ ಅನುಭವಕ್ಕೆ ಬಂದಿತು.

ಜರ್ಮನಿಯಿಂದ ವಲಸೆ ಬಂದ ಆಲ್ಫ್ರೆಡ್ ಸ್ಟ್ರೌಸ್ ಮತ್ತು ಹೈಂಟ್ಸ್ ವರ್ನರ್ ಮಿಷಿಗನ್ ಪ್ರಾಂತದ ವೇನ್ ಕೌಂಟಿ ತರಬೇತಿ ಶಾಲೆಯಲ್ಲಿ, ಬೌದ್ಧಿಕವಾಗಿ ಹಿಂದುಳಿದ ಮಕ್ಕಳನ್ನು ಎರಡಾಗಿ ವಿಂಗಡಿಸಿದರು: ವಂಶದಿಂದ ಹಾಗಾದವರು, ಮಿದುಳಿನ ಪೆಟ್ಟಿನಿಂದ ಹಾಗಾದವರು. ಎರಡನೆಯ ಗುಂಪಿನಲ್ಲಿ ಕಂಡ ಚಂಚಲತೆ ಮೊದಲಾದ ಲಕ್ಷಣಗಳನ್ನು ಮುಂದೆ ಸಾಮಾನ್ಯ ಬುದ್ಧಿಯ ಮಕ್ಕಳಲ್ಲಿಯೂ ಹುಡುಕಲಾಯಿತು. ಪೆಟ್ಟಿನ ಗುರುತಿಲ್ಲದಿದ್ದರೂ ಪೆಟ್ಟನ್ನು ಊಹಿಸಲಾಯಿತು. ಹೀಗೆ ಹುಟ್ಟಿದ ‘ಮಿದುಳಿನ ಕನಿಷ್ಠ ದೋಷ’ ಎಂಬ ಹೆಸರು 1960ರ ದಶಕದಲ್ಲಿ ಸರ್ವತ್ರ ಹರಡಿತು. ಅಮೆರಿಕದ ಸರ್ಕಾರಕ್ಕಾಗಿ ಸಿದ್ಧವಾದ 1966ರ ವರದಿಯು ಈ ಸ್ಥಿತಿಗೆ ಸುಮಾರು ನೂರು ಲಕ್ಷಣಗಳನ್ನು ಪಟ್ಟಿಮಾಡಿದ್ದಿತು. ನೂರು ಲಕ್ಷಣಗಳಿರುವ ರೋಗವು ಒಂದು ರೋಗವೆನಿಸುವುದು ಕಷ್ಟ. ಓದಿನ ತೊಡಕು, ಗಮನದ ಕೊರತೆ, ಕೈಕಾಲುಗಳ ಒಡ್ಡುತನ ಎಲ್ಲವೂ ಅದರಲ್ಲಿ ಕಲಸಿಹೋಗಿದ್ದುವು. ಹಿನ್‌ಷೆಲ್‌ವುಡ್ ಬೇರ್ಪಡಿಸುವುದರಲ್ಲಿ ಅತಿಮಾಡಿದ್ದರೆ ಇವರು ಕೂಡಿಸುವುದರಲ್ಲಿ ಅತಿಮಾಡಿದರು.

5

1963ರ ಏಪ್ರಿಲ್ 6ರಂದು ಶಿಕಾಗೋ ನಗರದಲ್ಲಿ ತಾಯಿತಂದೆಯರ ಒಂದು ಸಮ್ಮೇಳನ ಸೇರಿತು. ಅವರ ಮಕ್ಕಳಿಗೆ ಹತ್ತಾರು ಹೆಸರುಗಳಿದ್ದುವು. ಸರ್ಕಾರದ ನೆರವು ಮಾತ್ರ ಇರಲಿಲ್ಲ. ಅಲ್ಲಿ ಮಾತನಾಡಿದ ಸ್ಯಾಮ್ಯುಯೆಲ್ ಕರ್ಕ್ ತಾನು ಇತ್ತೀಚೆಗೆ ಬಳಸುತ್ತಿರುವ ‘ಕಲಿಕೆಯ ನ್ಯೂನತೆ’ ಎಂಬ ಪದವನ್ನು ಮುಂದಿಟ್ಟನು. ಕಣ್ಣು ಕಿವಿಗಳ ದೋಷವುಳ್ಳವರನ್ನೂ ಸಾಮಾನ್ಯ ಬುದ್ಧಿಕೊರತೆಯುಳ್ಳವರನ್ನೂ ತಾನು ಈ ಗುಂಪಿಗೆ ಸೇರಿಸುವುದಿಲ್ಲವೆಂದೂ ಹೇಳಿದನು. ಮಿದುಳಿನ ಊಹೆಯನ್ನು ಬಿಟ್ಟು ಕಲಿಕೆಯನ್ನೇ ಹೆಸರಿನಲ್ಲಿ ಇಟ್ಟುದು ಅವನ ವಿವೇಕ. ಹೆತ್ತವರು ಆ ಪದವನ್ನು ತಮ್ಮ ಸಂಘಕ್ಕೆ ಇಟ್ಟುಕೊಂಡರು. 1969ರಲ್ಲಿ ಅದು ಅಮೆರಿಕದ ಕಾಯಿದೆಯನ್ನು ಪ್ರವೇಶಿಸಿತು. 1975ರ ಕಾಯಿದೆಯು ನ್ಯೂನತೆಯುಳ್ಳ ಎಲ್ಲ ಮಕ್ಕಳಿಗೂ ಶಿಕ್ಷಣದ ಹಕ್ಕನ್ನು ಕೊಟ್ಟಿತು. 1977ರ ನಿಯಮಗಳು ಬುದ್ಧಿಗೂ ಸಾಧನೆಗೂ ‘ತೀವ್ರ ಅಂತರ’ ಇರಬೇಕೆಂದು ವಿಧಿಸಿದುವು. ಪರಿಸರ, ಸಂಸ್ಕೃತಿ ಅಥವಾ ಆರ್ಥಿಕ ಹಿಂದುಳಿಕೆಯೇ ಮುಖ್ಯ ಕಾರಣವಾಗಿದ್ದರೆ ಅಂಥ ಮಗುವು ಈ ವರ್ಗಕ್ಕೆ ಸೇರದು ಎಂಬ ನಿಷೇಧವೂ ಕಾನೂನಿನಲ್ಲಿದ್ದಿತು.

ಇದೇ ಕಾಲದಲ್ಲಿ ನೆರೆಯ ಎಲ್ಲೆಯೂ ಸರಿಯಿತು. ಅಮೆರಿಕದ ಬುದ್ಧಿಮಾಂದ್ಯ ಸಂಘವು 1961ರ ವ್ಯಾಖ್ಯೆಯಲ್ಲಿ ಸೂಚ್ಯಂಕವು ಸುಮಾರು 85ಕ್ಕಿಂತ ಕಡಿಮೆಯಿದ್ದವರನ್ನು ತನ್ನ ವರ್ಗದೊಳಕ್ಕೆ ತಂದಿದ್ದಿತು. 1973ರಲ್ಲಿ ಆ ಮಿತಿಯನ್ನು ಸುಮಾರು 70ಕ್ಕೆ ಇಳಿಸಿತು. ಲಕ್ಷಾಂತರ ಜನರು ತಮ್ಮಲ್ಲಿ ಯಾವ ಬದಲಾವಣೆಯೂ ಆಗದೆ, ಒಂದು ತಿದ್ದುಪಡಿಯಿಂದ ಬುದ್ಧಿಮಾಂದ್ಯರ ಪಟ್ಟಿಯಿಂದ ಹೊರಬಂದರು. ಕ್ಯಾಲಿಫೋರ್ನಿಯದಲ್ಲಿ ಕಪ್ಪುಜನರ ಮಕ್ಕಳನ್ನು ಸೂಚ್ಯಂಕದ ಆಧಾರದ ಮೇಲೆ ಬುದ್ಧಿಮಾಂದ್ಯರ ತರಗತಿಗಳಿಗೆ ತುಂಬುತ್ತಿದ್ದುದನ್ನು 1979ರಲ್ಲಿ ನ್ಯಾಯಾಲಯವು ಲ್ಯಾರಿ ಪಿ. ಮೊಕದ್ದಮೆಯಲ್ಲಿ ನಿಷೇಧಿಸಿತು. ಪರಿಣಾಮವು ಸರ್ಕಾರದ ಅಂಕಿಗಳಲ್ಲಿಯೇ ಕಾಣುತ್ತದೆ. 1976-77ರಲ್ಲಿ ಕಲಿಕೆಯ ನ್ಯೂನತೆಯ ವರ್ಗದಲ್ಲಿದ್ದ ಮಕ್ಕಳು ಸುಮಾರು 8 ಲಕ್ಷ, ಬುದ್ಧಿಮಾಂದ್ಯದ ವರ್ಗದಲ್ಲಿದ್ದವರು ಸುಮಾರು 9.6 ಲಕ್ಷ. 1990-91ರ ವೇಳೆಗೆ ಮೊದಲನೆಯದು ಸುಮಾರು 21 ಲಕ್ಷಕ್ಕೆ ಏರಿತು. ಎರಡನೆಯದು ಸುಮಾರು 5.3 ಲಕ್ಷಕ್ಕೆ ಇಳಿಯಿತು. ಹದಿನಾಲ್ಕು ವರ್ಷಗಳಲ್ಲಿ ಒಂದು ದೇಶದ ಮಕ್ಕಳ ಮಿದುಳು ಇಷ್ಟು ಬದಲಾಗುವುದು ಸಾಧ್ಯವಿಲ್ಲ, ಬದಲಾದುದು ಹೆಸರು. ಈ ವರ್ಗವು ಮೊದಲಲ್ಲಿ ಮಧ್ಯಮವರ್ಗದ ಬಿಳಿಯರ ಮಕ್ಕಳನ್ನು ಇತರರಿಂದ ಬೇರ್ಪಡಿಸಿ ಕಾಪಾಡಲು ಒದಗಿತೆಂದು ಕ್ರಿಸ್ಟೀನ್ ಸ್ಲೀಟರ್ 1986ರಲ್ಲಿ ವಾದಿಸಿದರು. ತೊಡಕು ನಿಜವೆಂಬುದನ್ನು ಇದು ಅಲ್ಲಗಳೆಯಲಾರದು. ಯಾರ ತೊಡಕಿಗೆ ಯಾವ ಹೆಸರು ದೊರೆಯಿತು ಎಂಬ ಪ್ರಶ್ನೆಯನ್ನು ಮಾತ್ರ ಅದು ಸರಿಯಾಗಿ ಎತ್ತುತ್ತದೆ.

ಬ್ರಿಟನ್ನಿನಲ್ಲಿ ಇದೇ ಪದವು ಬೇರೊಂದು ದಿಕ್ಕನ್ನು ಹಿಡಿಯಿತು. ಅಲ್ಲಿ 1990ರ ದಶಕದಿಂದ ‘ಲರ್ನಿಂಗ್ ಡಿಸೆಬಿಲಿಟಿ’ ಎಂದರೆ ಬೌದ್ಧಿಕ ನ್ಯೂನತೆ ಎಂದೇ ಅರ್ಥ. ಡಿಸ್ಲೆಕ್ಸಿಯಾದಂಥವನ್ನು ಅಲ್ಲಿ ‘ವಿಶಿಷ್ಟ ಕಲಿಕಾ ತೊಡಕು’ ಎನ್ನುತ್ತಾರೆ. ಎರಡು ದೇಶಗಳ ಗ್ರಂಥಗಳನ್ನು ಒಟ್ಟಿಗೆ ಓದುವ ನಮ್ಮ ವಿದ್ಯಾರ್ಥಿಗಳು ಇದನ್ನು ಅವಶ್ಯವಾಗಿ ನೆನಪಿಡಬೇಕು.

6

ಎಲ್ಲೆಯು ಕಾನೂನಿನಲ್ಲಿ ಗಟ್ಟಿಯಾದ ಹೊತ್ತಿಗೇ ವಿಜ್ಞಾನದಲ್ಲಿ ಸಡಿಲವಾಗತೊಡಗಿತು. ಮೈಕೆಲ್ ರಟರ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಐಲ್ ಆಫ್ ವೈಟ್ ದ್ವೀಪದ ಮಕ್ಕಳನ್ನು ಸಮೀಕ್ಷೆಮಾಡಿ, ಓದಿನ ವಿಶಿಷ್ಟ ತೊಡಕನ್ನು ಸಾಮಾನ್ಯ ಹಿಂದುಳಿಕೆಯಿಂದ ಬೇರೆಮಾಡಿದರು. ಅದೇ ಸಮೀಕ್ಷೆಯಲ್ಲಿ ಓದಿನ ತೊಡಕಿಗೂ ನಡತೆಯ ತೊಂದರೆಗೂ ಇರುವ ನಂಟನ್ನೂ ಕಂಡರು. ಸ್ಯಾಲಿ ಶೇವಿಟ್ಜ್ ಮತ್ತು ಸಂಗಡಿಗರು 1992ರಲ್ಲಿ, ಡಿಸ್ಲೆಕ್ಸಿಯಾವು ಓದುವ ಸಾಮರ್ಥ್ಯದ ಅಖಂಡ ಶ್ರೇಣಿಯ ಕೆಳತುದಿಯೇ ಹೊರತು ಬೇರೆಯೇ ಆದ ಒಂದು ಜಾತಿಯಲ್ಲವೆಂದು ತೋರಿಸಿದರು. 1994ರಲ್ಲಿ ಕೀತ್ ಸ್ಟಾನೊವಿಚ್ ಮತ್ತು ಲಿಂಡಾ ಸೀಗಲ್ ಇನ್ನೂ ಮುಂದೆ ಹೋದರು. ಸೂಚ್ಯಂಕ ಹೆಚ್ಚಿದ್ದು ಓದಲಾರದವರಿಗೂ, ಸೂಚ್ಯಂಕ ಕಡಿಮೆಯಿದ್ದು ಓದಲಾರದವರಿಗೂ ಪದವನ್ನು ಧ್ವನಿಗಳಾಗಿ ಬಿಡಿಸುವಲ್ಲಿನ ಮೂಲ ತೊಡಕು ಒಂದೇ ಎಂದು ಅವರು ಕಂಡುಕೊಂಡರು. ಅಮೆರಿಕವು 2004ರ ಕಾಯಿದೆಯಲ್ಲಿ, ಅಂತರವನ್ನು ತೋರಿಸಲೇಬೇಕೆಂಬ ಕಟ್ಟಳೆಯನ್ನು ಬಿಟ್ಟಿತು.

ಹೆಣಿಗೆಯ ವಿಷಯದಲ್ಲಿಯೂ ಹೀಗೆಯೇ. ಓದಿನ ನ್ಯೂನತೆಯುಳ್ಳ ಮಕ್ಕಳಲ್ಲಿ ನೂರಕ್ಕೆ ಸುಮಾರು 25ರಿಂದ 40 ಮಂದಿಗೆ ಗಮನದ ಕೊರತೆಯೂ ಇರುವುದೆಂದು ಸಾಮಾನ್ಯವಾಗಿ ಅಂದಾಜು ಮಾಡುತ್ತಾರೆ. ಆಟಿಸಂ ಇರುವ ಮಗುವಿಗೆ ಗಮನದ ಕೊರತೆಯ ನಿದಾನವನ್ನು ಕೊಡಕೂಡದೆಂದಿದ್ದ ಅಮೆರಿಕದ ಮನೋವೈದ್ಯರ ನಿಯಮವು 2013ರ ಕೈಪಿಡಿಯಲ್ಲಿ ತೆಗೆದುಹಾಕಲ್ಪಟ್ಟಿತು. ಒಂದು ಸ್ಥಿತಿಯಿದ್ದರೆ ಇನ್ನೊಂದು ಇರಲಾರದೆಂಬ ತರ್ಕವು ಹೋಗಿ, ಹಲವು ದೌರ್ಬಲ್ಯಗಳು ಒಂದೇ ಮಗುವಿನಲ್ಲಿ ಕೂಡಬಹುದು, ಕೆಲವು ಕಾರಣಗಳು ಎರಡಕ್ಕೂ ಸಮಾನವಾಗಿರಬಹುದು ಎಂಬ ವಿಚಾರ ನೆಲೆಗೊಂಡಿತು.

ಆದರೆ ಭೇದವೇ ಇಲ್ಲವೆಂದು ಇದರಿಂದ ತಿಳಿಯಬಾರದು. ಗಮನ ಕೊರತೆಯುಳ್ಳ ಮಗುವು ಅಕ್ಷರವನ್ನು ಬಲ್ಲದು, ಪುಟದ ಮೇಲೆ ನಿಲ್ಲಲಾರದು. ಡಿಸ್ಲೆಕ್ಸಿಯಾ ಇರುವ ಮಗುವು ನಿಂತು ನೋಡಿದರೂ ಅಕ್ಷರವು ಧ್ವನಿಯಾಗದು. ಬೌದ್ಧಿಕ ನ್ಯೂನತೆಯು ಕಲಿಕೆಯೊಂದನ್ನೇ ಅಲ್ಲದೆ ದಿನನಿತ್ಯದ ವ್ಯವಹಾರವನ್ನೂ ಆವರಿಸುತ್ತದೆ. ಮೊದಲನೆಯ ಮಗುವಿಗೆ ಔಷಧಿ ಸಹಾಯಕವಾಗಬಹುದು. ಎರಡನೆಯದಕ್ಕೆ ಕ್ರಮಬದ್ಧವಾದ ಓದಿನ ಪಾಠವೇ ಔಷಧಿ. ಎರಡೂ ಇರುವ ಮಗುವಿಗೆ ಎರಡೂ ಬೇಕು. ಭೇದವನ್ನು ಅರಿಯುವುದು ಸಹಾಯವನ್ನು ಆರಿಸುವುದಕ್ಕಾಗಿ. ಸಹಾಯವನ್ನು ನಿರಾಕರಿಸುವುದಕ್ಕಾಗಿ ಅಲ್ಲ.

7

ನಮ್ಮ ದೇಶದಲ್ಲಿ ಈ ಎಲ್ಲೆಯು ತಡವಾಗಿ ಬಂದಿತು. 1995ರ ಅಂಗವಿಕಲರ ಕಾಯಿದೆಯು ಹೆಸರಿಸಿದ ಏಳು ನ್ಯೂನತೆಗಳಲ್ಲಿ ಬುದ್ಧಿಮಾಂದ್ಯವಿದ್ದಿತು, ಕಲಿಕೆಯ ನ್ಯೂನತೆ ಇರಲಿಲ್ಲ. 2016ರ ಕಾಯಿದೆಯು ಪಟ್ಟಿಯನ್ನು 21ಕ್ಕೆ ವಿಸ್ತರಿಸಿ ಅದನ್ನು ಸೇರಿಸಿತು. ಆದರೆ ಅದರ ಅನುಸೂಚಿಯನ್ನು ಓದುವವರಿಗೆ ಒಂದು ವಿಚಿತ್ರ ಕಾಣುತ್ತದೆ. ‘ವಿಶಿಷ್ಟ ಕಲಿಕಾ ನ್ಯೂನತೆ’ ಮತ್ತು ಆಟಿಸಂ ಎರಡನ್ನೂ ಅಲ್ಲಿ ‘ಬೌದ್ಧಿಕ ನ್ಯೂನತೆ’ ಎಂಬ ಶೀರ್ಷಿಕೆಯ ಅಡಿಯಲ್ಲಿಯೇ ಇಟ್ಟಿದ್ದಾರೆ. ಮಾರ್ಗನ್ನನಿಂದ ಕರ್ಕ್‌ನವರೆಗೆ ಯಾವುದನ್ನು ಅದಲ್ಲವೆಂದು ಸಾರಲಾಯಿತೋ ಅದರ ಮನೆಯಲ್ಲಿಯೇ ನಮ್ಮ ಶಾಸನವು ಇದಕ್ಕೆ ಜಾಗ ಕೊಟ್ಟಿತು.

ಹೀಗೆ ಶೀರ್ಷಿಕೆಯಲ್ಲಿ ಕೂಡಿಸಿದ್ದನ್ನು 2018ರ ಜನವರಿಯ ಮಾರ್ಗಸೂಚಿಗಳು ಪರೀಕ್ಷೆಯಲ್ಲಿ ಬೇರ್ಪಡಿಸಿದುವು. ಮೊದಲು ಬುದ್ಧಿ ಸೂಚ್ಯಂಕವನ್ನು ಅಳೆಯಬೇಕು. ಅದು 85ಕ್ಕಿಂತ ಹೆಚ್ಚಿದ್ದರೆ ಮಾತ್ರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ರೂಪುಗೊಂಡ ಪರೀಕ್ಷಾವಳಿಯಿಂದ ಕಲಿಕೆಯ ನ್ಯೂನತೆಯನ್ನು ನಿರ್ಣಯಿಸಬೇಕು ಎಂದು ಅವು ವಿಧಿಸಿದುವು. ಬೌದ್ಧಿಕ ನ್ಯೂನತೆಯ ನಿದಾನವಾದರೋ ಸಾಮಾನ್ಯವಾಗಿ ಸೂಚ್ಯಂಕವು ಸುಮಾರು 70ಕ್ಕಿಂತ ಕೆಳಗಿದ್ದವರಿಗೆ. ಹಾಗಾದರೆ 70ಕ್ಕೂ 85ಕ್ಕೂ ನಡುವೆ ಇರುವ ಮಗುವು ಯಾರದು? ಸೂಚ್ಯಂಕದ ಗಣಿತದ ಪ್ರಕಾರವೇ ಪ್ರತಿ ನೂರು ಮಂದಿಯಲ್ಲಿ ಸುಮಾರು 14 ಮಂದಿ ಈ ನಡುವಣ ಪಟ್ಟಿಯಲ್ಲಿ ಬೀಳುತ್ತಾರೆ. ಇವರಲ್ಲಿ ಓದಲಾರದವರಿಗೆ ಒಂದು ಬಾಗಿಲು ‘ನೀನು ಸಾಕಷ್ಟು ಜಾಣನಲ್ಲ’ ಎಂದರೆ, ಇನ್ನೊಂದು ‘ನೀನು ಸಾಕಷ್ಟು ಮಂದನಲ್ಲ’ ಎನ್ನುತ್ತದೆ. 71 ಸೂಚ್ಯಂಕದ ಆರ್ಟನನ ಹುಡುಗನು ಆ ಮಾರ್ಗಸೂಚಿಗಳ ಮುಂದೆ ನಿಂತಿದ್ದರೆ ಬರಿಗೈಯಲ್ಲಿ ಹಿಂದಿರುಗುತ್ತಿದ್ದನು.

ಇದಕ್ಕೆ ಭಾಷೆಯ ಪ್ರಶ್ನೆಯೂ ಸೇರುತ್ತದೆ. ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರಗಳಿದ್ದರೂ, ಗುಣಿತಾಕ್ಷರಗಳನ್ನು ಎಣಿಸಿದರೆ ಮಗುವು ಗುರುತಿಸಬೇಕಾದ ರೂಪಗಳು ನಾಲ್ಕುನೂರನ್ನು ಮೀರುತ್ತವೆ, ಒತ್ತಕ್ಷರಗಳು ಬೇರೆ. ಕನ್ನಡ ಓದಿನ ಕಲಿಕೆಯನ್ನು ಕುರಿತು ಸೋನಾಲಿ ನಾಗ್ ನಡೆಸಿದ, 2007ರಲ್ಲಿ ಪ್ರಕಟವಾದ ಅಧ್ಯಯನವು ಅಕ್ಷರಗಳ ಕಲಿಕೆಯು ಇಲ್ಲಿ ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಚಾಚಿಕೊಳ್ಳುತ್ತದೆಂದು ತೋರಿಸಿತು. ಇಂಗ್ಲಿಷಿನ ಅಳತೆಗೋಲಿನಿಂದ ನೋಡಿದರೆ ಸಹಜವಾದ ನಿಧಾನವು ನ್ಯೂನತೆಯಂತೆ ತೋರೀತು. ನಿಜವಾದ ನ್ಯೂನತೆಯು ‘ಇಂಗ್ಲಿಷ್ ಬಾರದು’ ಎಂಬ ಮಾತಿನ ಹಿಂದೆ ಮರೆಯಾದೀತು. 2015ರಲ್ಲಿ ಹೊರಬಂದ ‘ಡಾಲಿ’ ಎಂಬ ಪರೀಕ್ಷೆಯು ಹಿಂದಿ, ಮರಾಠಿ, ಇಂಗ್ಲಿಷುಗಳ ಜೊತೆಗೆ ಕನ್ನಡದಲ್ಲಿಯೂ ಇರುವುದು ಸಮಾಧಾನದ ಸಂಗತಿ. ಆದರೆ ಮನೆಯ ಮಾತು ತುಳುವೋ ಲಂಬಾಣಿಯೋ ಉರ್ದುವೋ ಆಗಿದ್ದು ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಕಲಿಯುವ ಮಗುವಿನ ವಿಷಯದಲ್ಲಿ ಪರೀಕ್ಷಕನು ಇನ್ನೂ ಎಚ್ಚರದಿಂದಿರಬೇಕಾಗಿದೆ.

8

ಮೇಲಿನ ಸಮೀಕ್ಷೆಯಿಂದ ಹೊರಡುವ ತೀರ್ಮಾನಗಳು ಕೆಲವೇ. ಕಲಿಕೆಯ ನ್ಯೂನತೆಯು ಕಲ್ಪಿತವಲ್ಲ. ಸೀಫರ್ಡಿನ ಬಾಲಕನ ಕಷ್ಟವು ನಿಜವಾದುದು. ಅದರ ಎಲ್ಲೆ ಮಾತ್ರ ಮನುಷ್ಯರು ಎಳೆದುದು. 1917ರಲ್ಲಿ ಒಂದು ಕಡೆ, 1966ರಲ್ಲಿ ಮತ್ತೊಂದು ಕಡೆ, 1973ರಲ್ಲಿ ಒಂದು ತಿದ್ದುಪಡಿಯ ಬಲದಿಂದ ಮಗದೊಂದು ಕಡೆ. ಒಬ್ಬ ಮಗುವನ್ನು ಅವಮಾನದಿಂದ ಪಾರುಮಾಡಲು ಎಳೆದ ಗೆರೆಯು ಇನ್ನೊಬ್ಬ ಮಗುವನ್ನು ಅದೇ ಅವಮಾನದಲ್ಲಿ ಬಿಟ್ಟುದುಂಟು. ಬಡವನ ಮಗುವನ್ನು ಬಡತನದ ಕಾರಣದಿಂದಲೇ ಹೊರಗಿಟ್ಟುದುಂಟು.

ಕಾಲೇಜಿನ ಉಪಾಧ್ಯಾಯರಾದ ನಮಗೂ ಈ ಇತಿಹಾಸವು ದೂರದ್ದಲ್ಲ. ತರಗತಿಯಲ್ಲಿ ಬಾಯಿಮಾತಿನಲ್ಲಿ ಸೊಗಸಾಗಿ ಉತ್ತರಿಸಿ ಉತ್ತರಪತ್ರಿಕೆಯಲ್ಲಿ ಸೋಲುವ ವಿದ್ಯಾರ್ಥಿಗಳು ನಮ್ಮ ಮುಂದೆ ಪ್ರತಿವರ್ಷವೂ ಕುಳಿತಿರುತ್ತಾರೆ. ಅವರಲ್ಲಿ ಪ್ರಮಾಣಪತ್ರವುಳ್ಳವರು ವಿರಳ. ಯಾವ ವರ್ಗಕ್ಕೆ ಸೇರಿದವರೆಂದು ನಿರ್ಣಯಿಸುವುದು ತಜ್ಞರ ಕೆಲಸ. ಓದಲಾರದವನು ಕಲಿಯಲಾರದವನಲ್ಲ ಎಂಬ, 1896ರ ಆ ಶಾಲೆಯ ಉಪಾಧ್ಯಾಯರು ಕಂಡುಕೊಂಡಿದ್ದ ಸತ್ಯವನ್ನು ನೆನಪಿನಲ್ಲಿಟ್ಟು ಪಾಠ ಹೇಳುವುದು ನಮ್ಮ ಕೆಲಸ.